ಬಾಡಿಗೆಯ ಮನೆ ಸ್ವಂತದ್ದಾದಾಗ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಕಟ್ಟುವ ತಾಪತ್ರಯವೇ ಇಲ್ಲದೆ, ತಾನು ಬಾಡಿಗೆಗಿರುವ ಸರಕಾರಿ ಮನೆಯನ್ನು ಕಡಿಮೆ ಬೆಲೆಗೆ ಕೊಂಡುಕೊಳ್ಳುವ ಹಕ್ಕನ್ನು ಬ್ರಿಟನ್ ತನ್ನ ಬಾಡಿಗೆದಾರರಿಗೆ ನೀಡಿ ನಾಲ್ಕು ದಶಕಗಳು ಸಂದಿವೆ. ಆ ಹಕ್ಕು ಲಕ್ಷಾಂತರ ಕುಟುಂಬಗಳನ್ನು ಮನೆಯೊಡೆಯರನ್ನಾಗಿಸಿತು. ಅವರ ಬಳಿಕ ಬಂದವರಿಗೆ ಬಾಡಿಗೆಯ ಮನೆಯೂ ದುರ್ಲಭವಾಯಿತು.

ಮೊದಲ ಮಹಾಯುದ್ಧದ ನಂತರ, 1919ರ ಕಾನೂನಿನ ಬಲದಿಂದ ಅಲ್ಲಿನ ಸ್ಥಳೀಯ ಸಂಸ್ಥೆಗಳಾದ ಕೌನ್ಸಿಲ್‌ಗಳು ಶ್ರಮಿಕರಿಗಾಗಿ ದೊಡ್ಡ ಪ್ರಮಾಣದಲ್ಲಿ ಮನೆಗಳನ್ನು ಕಟ್ಟತೊಡಗಿದವು. 1979ರಲ್ಲಿ ಅಧಿಕಾರಕ್ಕೆ ಬಂದ ಮಾರ್ಗರೆಟ್ ಥ್ಯಾಚರ್ ಅವರ ಸರಕಾರ ಮರುವರ್ಷವೇ ವಸತಿ ಕಾನೂನನ್ನು ಜಾರಿಗೊಳಿಸಿತು. ಮೂರು ವರ್ಷ ಬಾಡಿಗೆಗಿದ್ದವರಿಗೆ ಮಾರುಕಟ್ಟೆ ಬೆಲೆಯಲ್ಲಿ ಶೇ. 33ರಷ್ಟು ರಿಯಾಯಿತಿ ದೊರೆಯಿತು. ಬಳಿಕ ವರ್ಷಕ್ಕೆ ಶೇ. 1ರಂತೆ ಅದು ಶೇ. 50ರವರೆಗೆ ಏರುತ್ತಿತ್ತು. 1986ರಲ್ಲಿ ಫ್ಲ್ಯಾಟುಗಳ ರಿಯಾಯಿತಿಯ ಮಿತಿ ಶೇ. 70ಕ್ಕೆ ಮುಟ್ಟಿತು. ತಲೆಮಾರುಗಳಿಂದ ಬಾಡಿಗೆ ಕಟ್ಟುತ್ತ ಬಂದ ಕಾರ್ಮಿಕನಿಗೆ ಮಕ್ಕಳಿಗೆ ಬಿಟ್ಟುಹೋಗಲು ಒಂದು ಆಸ್ತಿ ಸಿಕ್ಕಿತೆಂಬುದನ್ನು ಈ ಯೋಜನೆಯ ಟೀಕಾಕಾರರೂ ಅಲ್ಲಗಳೆಯಲಾರರು.

ಹಕ್ಕಿನ ಜೊತೆಗೆ ಕಟ್ಟುಪಾಡುಗಳೂ ಇವೆ. ಇಂಗ್ಲೆಂಡಿನಲ್ಲಿ ಕೊಂಡ ಮನೆಯನ್ನು ಐದು ವರ್ಷಗಳೊಳಗೆ ಮಾರಿದರೆ ರಿಯಾಯಿತಿಯನ್ನು ಹಿಂದಿರುಗಿಸಬೇಕಾಗುತ್ತದೆ: ಮೊದಲ ವರ್ಷ ಪೂರ್ತಿ, ಅನಂತರ ವರ್ಷಕ್ಕೆ ಐದರಲ್ಲೊಂದು ಪಾಲು ಕಡಿಮೆ. ಹತ್ತು ವರ್ಷಗಳೊಳಗೆ ಮಾರುವುದಾದರೆ ಮೊದಲು ಹಳೆಯ ಒಡೆಯರಾದ ಕೌನ್ಸಿಲ್‌ಗೇ ತಿಳಿಸಬೇಕು. ಬಾಡಿಗೆದಾರನಾಗಿದ್ದಾಗ ಚಾವಣಿ ಸೋರಿದರೆ ಕೌನ್ಸಿಲ್ ದುರಸ್ತಿ ಮಾಡಿಸುತ್ತಿತ್ತು. ಒಡೆಯನಾದ ಮೇಲೆ ಆ ಹೊಣೆ ಅವನದೇ. ಫ್ಲ್ಯಾಟು ಕೊಂಡವನಿಗೆ ದೊರೆಯುವುದು ದೀರ್ಘಾವಧಿಯ ಗುತ್ತಿಗೆ ಮಾತ್ರ. ಇಡೀ ಕಟ್ಟಡದ ದುರಸ್ತಿಯಲ್ಲಿ ಅವನ ಪಾಲನ್ನು ವಸೂಲು ಮಾಡಲಾಗುತ್ತದೆ. ಬ್ಯಾಂಕಿನ ಕಂತನ್ನಷ್ಟೇ ಲೆಕ್ಕ ಹಾಕಿ ಕೊಂಡವರಿಗೆ ಈ ಹೊರೆ ಅನಿರೀಕ್ಷಿತವಾಗಿ ಎರಗುವುದುಂಟು.

ಸಮಾಜ ತೆತ್ತ ಬೆಲೆ ಇನ್ನೂ ದೊಡ್ಡದು. 1980ರಿಂದ ಈಚೆಗೆ ಇಂಗ್ಲೆಂಡೊಂದರಲ್ಲೇ ಸುಮಾರು 20 ಲಕ್ಷ ಮನೆಗಳು ಹೀಗೆ ಮಾರಾಟವಾದವು. ಬಂದ ಹಣವನ್ನೆಲ್ಲ ಹೊಸ ಮನೆಗಳಿಗೆ ವಿನಿಯೋಗಿಸುವ ಸ್ವಾತಂತ್ರ್ಯ ಕೌನ್ಸಿಲ್‌ಗಳಿಗಿರಲಿಲ್ಲ. 1989ರ ಕಾನೂನು ಅದರ ಮುಕ್ಕಾಲು ಪಾಲನ್ನು ಸಾಲ ತೀರಿಸಲು ಮೀಸಲಿಡುವಂತೆ ವಿಧಿಸಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂಬಂತೆ, ಮಾರಿದ್ದಕ್ಕೆ ಸಮನಾಗಿ ಕಟ್ಟದ ಕಾರಣ ಸಾರ್ವಜನಿಕ ವಸತಿಯ ಭಂಡಾರ ಕರಗಿತು. ಮಾರಿದ ಮನೆಗಳಲ್ಲಿ ಎಷ್ಟೋ ಮನೆಗಳು ಕ್ರಮೇಣ ಖಾಸಗಿ ಮಾಲೀಕರ ಕೈಸೇರಿ, ಹೆಚ್ಚಿನ ಬಾಡಿಗೆಗೆ ಮತ್ತೆ ಬಾಡಿಗೆಮನೆಗಳಾದವು. ವಸತಿಹೀನರನ್ನು ಇರಿಸಲು ತಾವೇ ಮಾರಿದ ಮನೆಗಳನ್ನು ಬಾಡಿಗೆಗೆ ಪಡೆಯುವ ಪ್ರಸಂಗ ಕೆಲವು ಕೌನ್ಸಿಲ್‌ಗಳಿಗೆ ಒದಗಿತು.

ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಹಕ್ಕನ್ನು ರದ್ದುಗೊಳಿಸಿದವು. ಇಂಗ್ಲೆಂಡ್ ಅದನ್ನು ಉಳಿಸಿಕೊಂಡರೂ 2024ರ ನವೆಂಬರಿನಲ್ಲಿ ರಿಯಾಯಿತಿಯನ್ನು ತೀವ್ರವಾಗಿ ಇಳಿಸಿತು. ಲಂಡನ್ನಿನಲ್ಲಿ 1,36,400 ಪೌಂಡಿನವರೆಗೆ ದೊರೆಯುತ್ತಿದ್ದ ಗರಿಷ್ಠ ರಿಯಾಯಿತಿ ನಗರದ ಬಹುಪಾಲು ಪ್ರದೇಶಗಳಲ್ಲಿ 16,000 ಪೌಂಡಿಗೆ ಕುಸಿಯಿತು. ಮಾರಾಟದ ಹಣವನ್ನು ಕೌನ್ಸಿಲ್‌ಗಳೇ ಇಟ್ಟುಕೊಳ್ಳಲು ಅವಕಾಶವಾಯಿತು.

ಬಡವನಿಗೆ ಸ್ವಂತ ಸೂರು ಬೇಕೆಂಬ ಆಶಯದಲ್ಲಿ ದೋಷವಿರಲಿಲ್ಲ. ಮಾರಿದ ಒಂದೊಂದು ಮನೆಗೆ ಪ್ರತಿಯಾಗಿ ಮತ್ತೊಂದು ಮನೆ ಎದ್ದಿದ್ದರೆ ಒಬ್ಬನ ಸೌಭಾಗ್ಯ ಇನ್ನೊಬ್ಬನ ಕೊರತೆಯಾಗುತ್ತಿರಲಿಲ್ಲ. ಸರಕಾರಿ ಆಸ್ತಿಯನ್ನು ಜನರಿಗೆ ಹಂಚಹೊರಡುವ ಯಾವ ನಾಡೂ ಸರದಿಯಲ್ಲಿ ಕಾದಿರುವವರ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.