ನಾಯಿ ಸಾಕಿದವರ ಸುಖದುಃಖ

ಮುಂಜಾನೆಯ ಹೊತ್ತಿನಲ್ಲಿ ಮೈಸೂರಿನ ಸರಸ್ವತಿಪುರದಲ್ಲಾಗಲಿ, ಬೆಂಗಳೂರಿನ ಜಯನಗರದಲ್ಲಾಗಲಿ, ಧಾರವಾಡದ ಮಾಳಮಡ್ಡಿಯಲ್ಲಾಗಲಿ ನಾಯಿಗಳನ್ನು ಹಿಡಿದು ತಿರುಗಾಡಲು ಹೊರಡುವ ಗೃಹಸ್ಥರಲ್ಲಿ ಒಂದು ವಿಲಕ್ಷಣವಾದ ಪರಿಚಯಕ್ರಮವುಂಟು. ಎದುರು ಬರುವವರ ನಾಮಧೇಯವೇನು, ಉದ್ಯೋಗವೇನು, ಊರು ಯಾವುದು ಎಂಬುದೊಂದನ್ನೂ ಅರಿಯದೆಯೇ ವರ್ಷಾನುಗಟ್ಟಲೆ ಅವರೊಡನೆ ಕುಶಲಪ್ರಶ್ನೆ ನಡೆಯುತ್ತದೆ. ಏಕೆಂದರೆ ಇವರು ಅವರನ್ನು ಬಲ್ಲದ್ದು ನಾಯಿಯ ಮೂಲಕ. ಅವರು ಜಿಮ್ಮಿಯ ಮನೆಯವರು, ಇವರು ಕರಿಯನ ಯಜಮಾನರು, ಮೂಲೆಮನೆಯಾಕೆ ಲಕ್ಕಿಯ ಅಮ್ಮ. ನಿವೃತ್ತನಾದ ದೊಡ್ಡ ಅಧಿಕಾರಿಯೂ ಬೆಳಗಿನ ಹಾಲು ಹಂಚುವ ಹುಡುಗನೂ ರಸ್ತೆಯ ಬದಿಯಲ್ಲಿ ನಿಂತು, ತಮ್ಮ ತಮ್ಮ ನಾಯಿಗೆ ನಿನ್ನೆ ಭೇದಿಯಾದುದನ್ನೂ, ಅದಕ್ಕೆ ಮೊಸರನ್ನ ಹಾಕಿದುದನ್ನೂ, ಅದು ಅನ್ನವನ್ನು ಮೂಸಿ ಮುಖ ತಿರುಗಿಸಿದುದನ್ನೂ ಎಳ್ಳಷ್ಟೂ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾರೆ. ಬೇರಾವ ಸಂದರ್ಭದಲ್ಲಿಯೂ ಸಮಾನರಾಗಿ ಮಾತನಾಡದಿರತಕ್ಕ ಜನ ಇಲ್ಲಿ ಸಮಾನದುಃಖಿಗಳಾಗಿ, ಸಮಾನಸುಖಿಗಳಾಗಿ ನಿಲ್ಲುವುದನ್ನು ನೋಡಿದಾಗಲೆಲ್ಲ ಈ ಮೂಕಪ್ರಾಣಿಯ ಉಪಕಾರ ಮನೆ ಕಾಯುವುದರಲ್ಲಿಯೇ ಮುಗಿಯುವುದಿಲ್ಲವೆಂದು ನನಗನ್ನಿಸುತ್ತದೆ.

ನಾಯಿ ಸಾಕಿದವರಿಗೆ ದೊರೆಯುವ ಸಂತೋಷಗಳಲ್ಲಿ ಹೆಚ್ಚಿನವು ಬಹಳ ಸಣ್ಣವು. ಹತ್ತು ನಿಮಿಷ ಅಂಗಡಿಗೆ ಹೋಗಿ ಬಂದವನನ್ನು ಹತ್ತು ವರ್ಷ ವನವಾಸ ಮುಗಿಸಿ ಬಂದವನಂತೆ ಎದುರುಗೊಳ್ಳುವ ಸಂಭ್ರಮ, ತೆಂಗಿನಕಾಯಿ ಒಡೆದ ಸದ್ದು ಕೇಳಿದೊಡನೆ ಹಿತ್ತಿಲಿನಿಂದ ಓಡಿಬಂದು ಹೊಸಿಲ ಬಳಿ ಕುಳಿತುಕೊಳ್ಳುವ ಶಿಸ್ತು, ಯಜಮಾನನ ಮನಸ್ಸು ಸರಿಯಿಲ್ಲದ ದಿನ ಆಟವನ್ನು ಬಿಟ್ಟು ಬಂದು ಅವನ ಪಾದದ ಮೇಲೆ ಗದ್ದವನ್ನಿಟ್ಟು ಮಲಗುವ ಸೂಕ್ಷ್ಮ: ಇವೆಲ್ಲ ಪ್ರತಿಮನೆಯಲ್ಲಿಯೂ ನಡೆಯತಕ್ಕವಾದರೂ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಮಾತ್ರವೇ ನಡೆದುವೆಂಬ ಹಿಗ್ಗಿನಿಂದ ಹೇಳುವರು. ಆ ಹಿಗ್ಗಿಗೆ ದೇಹದೊಳಗೂ ಒಂದು ಕಾರಣವಿರುವುದೆಂದು ಜಪಾನಿನ ಅಜಾಬು ವಿಶ್ವವಿದ್ಯಾನಿಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ತಿಳಿದುಬಂದಿತು. ನಾಯಿಯೂ ಅದನ್ನು ಸಾಕಿದವರೂ ಒಬ್ಬರ ಕಣ್ಣನ್ನೊಬ್ಬರು ದೀರ್ಘವಾಗಿ ನೋಡಿದಾಗ ಇಬ್ಬರಲ್ಲಿಯೂ ಆಕ್ಸಿಟೋಸಿನ್ ಎಂಬ ರಸ ಹೆಚ್ಚುತ್ತದೆ. ತಾಯಿ ಮತ್ತು ಹಸುಗೂಸಿನ ನಡುವಣ ವಾತ್ಸಲ್ಯಬಂಧದಲ್ಲಿ ಕೆಲಸಮಾಡುವ ರಸವೂ ಅದೇ. ಮನುಷ್ಯರೇ ಕೈಯಾರೆ ಬೆಳೆಸಿದ ತೋಳಗಳಲ್ಲಿ ಈ ಪರಿಣಾಮ ಕಂಡುಬರಲಿಲ್ಲ. ಆದಕಾರಣ, ‘ನಮ್ಮ ರಾಜ ನನ್ನನ್ನು ಮಗುವಿನ ಹಾಗೆ ನೋಡುತ್ತಾನೆ’ ಎಂದು ಮುದುಕಿಯೊಬ್ಬಳು ಹೇಳಿದರೆ ಅದನ್ನು ಬರಿಯ ಭಾವಾತಿರೇಕವೆಂದು ತಳ್ಳಿಬಿಡುವುದು ಯುಕ್ತವಲ್ಲ.

ಆದರೆ ಮಗು ಮುಂದೆ ಮಾತು ಕಲಿಯುತ್ತದೆ, ನಾಯಿ ಕಲಿಯುವುದಿಲ್ಲ. ಸಾಕಿದವರ ಚಿಂತೆಗಳಿಗೆಲ್ಲ ಇದೇ ಮೂಲ. ಎಲ್ಲಿ ನೋಯುತ್ತದೆಂದು ಅದು ಹೇಳಲಾರದು. ಅಷ್ಟೇ ಅಲ್ಲ, ನೋವನ್ನು ಮುಚ್ಚಿಟ್ಟುಕೊಳ್ಳುವುದು ಅದರ ಜಾತಿಗುಣ. ಪಶುವೈದ್ಯಶಾಲೆಯ ಬೆಂಚಿನ ಮೇಲೆ ನಾಯಿಯನ್ನು ತೊಡೆಗೊತ್ತಿಕೊಂಡು ಕುಳಿತವರು ಪಕ್ಕದವರೊಡನೆ ಮೊದಲು ಆಡುವ ಮಾತು ಸಾಮಾನ್ಯವಾಗಿ ‘ನಿನ್ನೆಯಿಂದ ಊಟ ಬಿಟ್ಟಿದೆ’ ಎಂಬುದೇ. ವೈದ್ಯರು ನಾಯಿಯ ಮೇಲ್ತುಟಿಯನ್ನು ಎತ್ತಿ, ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡುವರು. ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗಾಗಿ ನಸುಗೆಂಪು ಮರಳಿದರೆ ರಕ್ತಸಂಚಾರ ನೆಟ್ಟಗಿದೆಯೆಂದು ಅರ್ಥ. ಆ ಎರಡು ಸೆಕೆಂಡುಗಳಲ್ಲಿ ಬೆಂಚಿನ ಮೇಲಿದ್ದವರ ದೃಷ್ಟಿಯೆಲ್ಲ, ತಮ್ಮದಲ್ಲದ ಆ ನಾಯಿಯ ಒಸಡಿನ ಮೇಲೆಯೇ ನೆಟ್ಟಿರುವುದನ್ನು ನಾನು ಕಂಡಿದ್ದೇನೆ. ಹೊಸದಾಗಿ ಸಾಕಿದವರು ಮೈ ಮುಟ್ಟಿ ನೋಡಿ ಜ್ವರವೆಂದು ಗಾಬರಿಗೊಳ್ಳುವುದುಂಟು; ನಾಯಿಯ ಸಹಜವಾದ ಶಾಖವೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮಗಿಂತ ಹೆಚ್ಚು ಎಂಬುದನ್ನು ಹಳಬರು ಅವರಿಗೆ ಹೇಳಿ ಸಮಾಧಾನಪಡಿಸುವರು. ಮೂಗು ಒಣಗಿದ ಮಾತ್ರಕ್ಕೆ ಕಾಯಿಲೆಯೆಂದೂ, ಒದ್ದೆಯಾಗಿದ್ದ ಮಾತ್ರಕ್ಕೆ ಆರೋಗ್ಯವೆಂದೂ ಹೇಳಲಾಗದು.

ಮರಿಯ ಕಾಲದಲ್ಲಿ ಎಲ್ಲರೂ ಹೆಸರೆತ್ತಿದರೆ ನಡುಗುವ ವ್ಯಾಧಿ ಪಾರ್ವೊ. ಬೆಳಿಗ್ಗೆ ಚೆಂಡಿನ ಹಿಂದೆ ಓಡಾಡುತ್ತಿದ್ದ ಮರಿ ಸಂಜೆಯ ಹೊತ್ತಿಗೆ ಮೂಲೆ ಹಿಡಿಯುತ್ತದೆ, ವಾಂತಿ ತೊಡಗುತ್ತದೆ, ಆಮೇಲೆ ದುರ್ಗಂಧದ ರಕ್ತಭೇದಿ. ಕರುಳಿನ ಒಳಪೊರೆಯನ್ನೇ ಕಿತ್ತುಹಾಕುವ ಈ ವೈರಸ್ಸಿಗೆ ಸಾಮಾನ್ಯವಾಗಿ ದೊರೆಯುವ ನೇರವಾದ ಮದ್ದಿಲ್ಲ. ನಾಳದ ಮೂಲಕ ದ್ರವವನ್ನು ಕೊಟ್ಟು, ವಾಂತಿಯನ್ನು ತಡೆದು, ಮರಿಯ ದೇಹ ತಾನೇ ಹೋರಾಡಿ ಗೆಲ್ಲುವವರೆಗೆ ಅದನ್ನು ಉಳಿಸಿಕೊಳ್ಳುವುದೇ ಮುಖ್ಯವಾದ ಚಿಕಿತ್ಸೆ. ನೆಲದಲ್ಲಿ ಈ ವಿಷಾಣು ತಿಂಗಳುಗಟ್ಟಲೆ ಬದುಕಬಲ್ಲುದಾದುದರಿಂದ, ಆರರಿಂದ ಎಂಟನೆಯ ವಾರದಲ್ಲಿ ಮೊದಲನೆಯ ಚುಚ್ಚುಮದ್ದು ಹಾಕಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ ಹದಿನಾರನೆಯ ವಾರದವರೆಗೂ ಅದನ್ನು ಮುಂದುವರಿಸಿ, ಅದು ಪೂರೈಸುವ ತನಕ ಮರಿಯನ್ನು ಬೀದಿಯ ಮಣ್ಣಿಗೆ ಬಿಡಬಾರದೆಂದು ವೈದ್ಯರು ಬಿಗಿಯಾಗಿ ಹೇಳುವರು. ಮೂರು ತಿಂಗಳು ತುಂಬಿದಾಗ ಹಾಕಿಸುವ ಹುಚ್ಚುನಾಯಿ ರೋಗದ ಚುಚ್ಚುಮದ್ದಂತೂ ನಾಯಿಗೆ ಮಾತ್ರವಲ್ಲ, ನೆರೆಹೊರೆಯ ಮಕ್ಕಳಿಗೂ ನಾವು ಸಲ್ಲಿಸತಕ್ಕ ಋಣ.

ರೋಗಿಷ್ಠ ಮರಿಯ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತು ಬಾಯಿಗೆ ಹನಿಹನಿಯಾಗಿ ಗ್ಲೂಕೋಸಿನ ನೀರು ಬಿಡುವವರನ್ನು ಕಂಡು, ‘ಇದೇನು ಈ ಕಾಲದ ಹೊಸ ಹುಚ್ಚು’ ಎನ್ನುವವರಿದ್ದಾರೆ. ಅವರು ತಿಳಿಯತಕ್ಕ ಸಂಗತಿಯೊಂದುಂಟು. ಜರ್ಮನಿಯ ಬಾನ್ ನಗರದ ಬಳಿ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಸುಮಾರು ಹದಿನಾಲ್ಕು ಸಾವಿರ ವರ್ಷಗಳಷ್ಟು ಹಳೆಯ ಸಮಾಧಿಯೊಂದು ದೊರೆಯಿತು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಮತ್ತು ಅವರೊಡನೆ ಏಳು ತಿಂಗಳೂ ತುಂಬದ ಒಂದು ನಾಯಿಮರಿಯ ಅಸ್ಥಿಗಳಿದ್ದುವು. ಮರಿಯ ಹಲ್ಲುಗಳ ಮೇಲಿನ ಗುರುತುಗಳನ್ನು ಪರೀಕ್ಷಿಸಿದ ವಿದ್ವಾಂಸರು, ಅದಕ್ಕೆ ಡಿಸ್ಟೆಂಪರ್ ಎಂಬ ಘೋರವ್ಯಾಧಿ ತಗುಲಿ ಮರುಕಳಿಸಿ ಮರುಕಳಿಸಿ ಕಾಡಿರಬೇಕೆಂದೂ, ಯಾರಾದರೂ ನೀರು ಕುಡಿಸಿ, ಬೆಚ್ಚಗಿಟ್ಟು, ವಾಂತಿಭೇದಿಗಳನ್ನು ಶುಚಿಗೊಳಿಸಿ ಉಪಚರಿಸದಿದ್ದರೆ ಅದು ಅಷ್ಟು ವಾರ ಜೀವಿಸಿರಲಾರದೆಂದೂ ನಿರ್ಣಯಿಸಿದ್ದಾರೆ. ಬೇಟೆಗೂ ಬಾರದ, ಕಾವಲಿಗೂ ಒದಗದ ಆ ಮರಿಗಾಗಿ ಶಿಲಾಯುಗದ ಜನ ನಿದ್ದೆಗೆಟ್ಟಿದ್ದರು.

ದೊಡ್ಡ ನಾಯಿಗಳ ವಿಷಯದಲ್ಲಿ ನಮ್ಮ ಹವೆಯಲ್ಲಿ ಎಡೆಬಿಡದ ಭಯವೆಂದರೆ ಉಣ್ಣೆಯದು. ಕಂದುಬಣ್ಣದ ಆ ಕ್ಷುದ್ರಜೀವಿ ನಾಯಿಯ ಮೈಮೇಲಿರುವುದು ಮಾತ್ರವಲ್ಲ, ಗೋಡೆಯ ಬಿರುಕಿನಲ್ಲಿಯೂ ಬಾಗಿಲ ಸಂದಿನಲ್ಲಿಯೂ ಮೊಟ್ಟೆಯಿಟ್ಟು ಸಂಸಾರ ಹೂಡುತ್ತದೆ. ಅದರ ಕಡಿತದಿಂದ ಎರ್ಲಿಚಿಯ ಎಂಬ ಸೂಕ್ಷ್ಮಾಣು ರಕ್ತಕ್ಕೆ ಸೇರಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟುಗಳನ್ನು ಇಳಿಸಿಬಿಡುತ್ತದೆ. ನಾಯಿ ಮಂಕಾಗುವುದು, ಒಸಡು ಬೆಳ್ಳಗಾಗುವುದು, ಹೊಟ್ಟೆಯ ಚರ್ಮದ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆಗಳೇಳುವುದು, ಕೆಲವೊಮ್ಮೆ ಮೂಗಿನಿಂದ ರಕ್ತ ಸೋರುವುದು ಇದರ ಲಕ್ಷಣಗಳು. ಬೇಗನೆ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ನಾಲ್ಕು ವಾರ ಬಿಡದೆ ಕೊಟ್ಟು ಗುಣಪಡಿಸಬಹುದು. ಆದ್ದರಿಂದಲೇ ಸಂಜೆಯ ಹೊತ್ತು ಜಗಲಿಯಲ್ಲಿ ಕುಳಿತು ನಾಯಿಯ ಕಿವಿಯ ಮಡಿಕೆ, ಬೆರಳುಗಳ ಸಂದು, ಬಾಲದ ಬುಡಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಎಷ್ಟೋ ಮನೆಗಳಲ್ಲಿ ದೀಪ ಹಚ್ಚುವಷ್ಟೇ ತಪ್ಪದ ನಿತ್ಯವಿಧಿಯಾಗಿರುವುದು.

ಉಳಿದ ಚಿಂತೆಗಳಿಗೆ ಲೆಕ್ಕವಿಲ್ಲ. ಹಬ್ಬದ ದಿನ ಬಂದ ನೆಂಟರು ಪ್ರೀತಿಯಿಂದ ಹಾಕುವ ಪಾಯಸದೊಳಗಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಸಾರಿನ ಅನ್ನದೊಳಗಿನ ಈರುಳ್ಳಿ ಬೆಳ್ಳುಳ್ಳಿಗಳು ಅದರ ಕೆಂಪು ರಕ್ತಕಣಗಳನ್ನು ಒಡೆಯುವುವು. ಮಕ್ಕಳ ಕೈಯ ಚಾಕೊಲೇಟೂ ಸಲ್ಲದು. ದೀಪಾವಳಿಯ ಮೂರು ದಿನಗಳಂತೂ ಘೋರ: ನಮಗೆ ಕೇಳುವುದಕ್ಕಿಂತ ಎರಡರಷ್ಟು ಎತ್ತರದ ನಾದವನ್ನೂ ಕೇಳಬಲ್ಲ ಆ ಕಿವಿಗಳಿಗೆ ಪಟಾಕಿಯ ಸಿಡಿತ ಎಂತಹ ಆಘಾತವೆಂಬುದನ್ನು ಮಂಚದ ಕೆಳಗೆ ನುಗ್ಗಿ ಗಡಗಡನೆ ನಡುಗುವ ನಾಯಿಯನ್ನು ಕಂಡವರೇ ಬಲ್ಲರು. ಬಾಡಿಗೆಯ ಮನೆ ಹುಡುಕುವವರಿಗೆ ‘ನಾಯಿಯಿದ್ದರೆ ಕೊಡುವುದಿಲ್ಲ’ ಎಂಬ ಉತ್ತರ. ಊರಿನ ಮದುವೆಗೆ ಹೊರಟವರಿಗೆ ‘ಇದನ್ನು ಯಾರ ವಶಕ್ಕೆ ಬಿಡುವುದು’ ಎಂಬ ಪ್ರಶ್ನೆ. ಇವು ಒದಗಿಬರುವ ಕಷ್ಟಗಳು. ನಾವಾಗಿಯೇ ತಂದುಕೊಳ್ಳುವುದೊಂದಿದೆ, ಅದನ್ನು ಹೇಳದೆ ಬಿಡಲಾರೆ. ಹಿಮಪ್ರದೇಶಕ್ಕೆಂದು ಇಮ್ಮಡಿ ತುಪ್ಪಳ ಹೊತ್ತು ಹುಟ್ಟಿದ ಹಸ್ಕಿಯನ್ನು ಕಲಬುರಗಿಯ ಬೇಸಗೆಯಲ್ಲಿ ಕಟ್ಟಿಹಾಕುವುದು, ಏದುಸಿರಿನಿಂದಲೇ ಮೈಯ ಕಾವನ್ನು ಕಳೆದುಕೊಳ್ಳಬೇಕಾದ ಪ್ರಾಣಿಯಲ್ಲಿ ಮೂತಿಯೇ ಇಲ್ಲದಂತಹ ತಳಿಯನ್ನು ಅಂದಕ್ಕಾಗಿ ಕೊಳ್ಳುವುದು, ಇವು ನನಗೆ ಪ್ರೀತಿಯೆಂದು ತೋರುವುದಿಲ್ಲ. ಬಾಗಲಕೋಟೆಯ ಸೀಮೆಯ ಬಿಸಿಲಿಗೆ ಒಗ್ಗಿ ಬೆಳೆದ ಮುಧೋಳದ ನಾಯಿ ನಮ್ಮಲ್ಲೇ ಇದೆ, ಆದರೆ ಅದಕ್ಕೆ ಓಡಲು ಬಯಲು ಬೇಕು; ಬೀದಿಯಲ್ಲಿ ತಾಯಿಯನ್ನು ಕಳೆದುಕೊಂಡ ನಾಡಮರಿಯಾದರೋ ಸಣ್ಣ ಮನೆಯಲ್ಲಿಯೂ ರಾಗಿಮುದ್ದೆ ತಿಂದು ಸುಖವಾಗಿ ಬೆಳೆಯುತ್ತದೆ.

ಇತ್ತೀಚಿನ ದಿನಗಳಲ್ಲಿ ಇನ್ನೊಂದು ಬಗೆಯ ಮನೆಗಳು ಹೆಚ್ಚಾಗಿವೆ. ಮಗನೋ ಮಗಳೋ ಕಾಲೇಜಿನಲ್ಲಿದ್ದಾಗ ಹಟಹಿಡಿದು ತಂದ ಮರಿ. ಬೇಡವೆಂದು ಗದರಿಸಿದ್ದವರು ತಂದೆತಾಯಿ. ಮಕ್ಕಳು ಅಮೆರಿಕಕ್ಕೋ ಆಸ್ಟ್ರೇಲಿಯಕ್ಕೋ ಹೊರಟುಹೋದ ಮೇಲೆ ಆ ನಾಯಿ, ವೃದ್ಧರಿಬ್ಬರನ್ನು ದಿನಕ್ಕೆರಡು ಸಲ ಮನೆಯಿಂದ ಹೊರಡಿಸುವ, ಮಾತನಾಡಿಸುವ, ಹೊತ್ತಿಗೆ ಸರಿಯಾಗಿ ಅಡಿಗೆ ಮಾಡಿಸುವ ಏಕೈಕ ಜೀವವಾಗಿ ಉಳಿಯುತ್ತದೆ. ಭಾನುವಾರದ ವೀಡಿಯೋ ಕರೆಯಲ್ಲಿ ಮಗ ಮೊದಲು ಕೇಳುವುದು ‘ಅವನೆಲ್ಲಿ, ತೋರಿಸಿ’ ಎಂದೇ; ತಂದೆ ಫೋನನ್ನು ನೆಲಮಟ್ಟಕ್ಕೆ ಹಿಡಿದಾಗ ನಾಯಿ ಪರಿಚಿತವಾದ ಧ್ವನಿಯನ್ನು ಕೇಳಿ ಬಾಗಿಲ ಕಡೆಗೆ ಓಡುತ್ತದೆ. ದೂರದೇಶದಲ್ಲಿರುವವರಿಗೆ ನಾಯಿಯ ಮರಣವಾರ್ತೆಯನ್ನು ಹೇಗೆ ತಿಳಿಸುವುದೆಂದು ದಿನಗಟ್ಟಲೆ ಯೋಚಿಸುವ ತಂದೆತಾಯಿಗಳೂ ಇದ್ದಾರೆ.

ಏಕೆಂದರೆ ಆ ವಾರ್ತೆ ಬಂದೇ ಬರುತ್ತದೆ. ಹತ್ತು ಹದಿಮೂರು ವರ್ಷಗಳಲ್ಲಿ ಬಾಲ್ಯ, ಯೌವನ, ವಾರ್ಧಕ್ಯಗಳೆಲ್ಲವೂ ನಮ್ಮ ಕಣ್ಣೆದುರಿನಲ್ಲಿಯೇ ಕಳೆದುಹೋಗುವುವು. ಮೂತಿಯ ಕೂದಲು ನರೆಯುತ್ತದೆ. ಕಣ್ಣಿನ ಪಾಪೆಯಲ್ಲಿ ನೀಲಿಮಬ್ಬು ಕವಿಯುತ್ತದೆ. ಮೆಟ್ಟಿಲು ಹತ್ತುವ ಮುನ್ನ ಒಂದು ಕ್ಷಣ ನಿಂತು ಯೋಚಿಸುತ್ತದೆ. ಹೃದಯರೋಗವಿರುವ ನಾಯಿ ನಿದ್ರಿಸುವಾಗ ಮನೆಯವರು ಗಡಿಯಾರ ಹಿಡಿದು ಉಸಿರನ್ನೆಣಿಸುವರು. ನಿಮಿಷಕ್ಕೆ ಮೂವತ್ತನ್ನು ದಾಟಿದರೆ ವೈದ್ಯರಿಗೆ ಹೇಳಿಕಳುಹಿಸಬೇಕು. ಕೊನೆಗೊಂದು ದಿನ, ಔಷಧಕ್ಕೆ ಮೀರಿದ ನೋವಿನಿಂದ ಅದು ನರಳುವಾಗ, ದಯಾಮರಣದ ಪ್ರಸ್ತಾಪವನ್ನು ವೈದ್ಯರು ಮೆಲ್ಲನೆ ಎತ್ತುವರು. ತಮ್ಮನ್ನು ಪೂರ್ಣವಾಗಿ ನಂಬಿದ ಜೀವದ ಅಂತ್ಯವನ್ನು ತಾವೇ ನಿಶ್ಚಯಿಸಬೇಕಾದ ಆ ಸಂಕಟವನ್ನು ಅನುಭವಿಸಿದವರು ಅನೇಕ ವರ್ಷಗಳ ಮೇಲೆಯೂ ‘ಬೇಗ ಮಾಡಿಬಿಟ್ಟೆವೋ, ತಡಮಾಡಿದೆವೋ’ ಎಂದು ಒಳಗೊಳಗೇ ಬೇಯುವುದನ್ನು ಬಲ್ಲೆ. ಕೆಲವರು ಆ ಕೊಠಡಿಯಲ್ಲಿ ನಿಲ್ಲಲಾರದೆ ಹೊರಗೆ ಬಂದುಬಿಡುತ್ತಾರೆ. ಅವರ ದುರ್ಬಲತೆಯನ್ನು ನಿಂದಿಸಲಾರೆನಾದರೂ, ನಿಲ್ಲುವುದೇ ಲೇಸೆಂಬುದು ನನ್ನ ಅಭಿಮತ. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ, ‘ಹೆಂಡತಿಯನ್ನೂ ತಮ್ಮಂದಿರನ್ನೂ ಬಿಟ್ಟುಬಂದವನು ಈ ನಾಯಿಯನ್ನೇಕೆ ಬಿಡಲಾರೆ’ ಎಂದು ದೇವೇಂದ್ರನು ಕೇಳಿದಾಗ ಧರ್ಮರಾಯನು ಕೊಡುವ ಉತ್ತರದ ಅಭಿಪ್ರಾಯ ಇದು: ಅವರನ್ನು ನಾನು ಬಿಟ್ಟದ್ದು ಅವರು ಸತ್ತ ಮೇಲೆ, ಜೀವವಿರುವಾಗ ಬಿಡಲಿಲ್ಲ. ಜೀವವಿರುವ ಕಡೆಯ ನಿಮಿಷದಲ್ಲಿ ನಾಯಿ ಹುಡುಕುವುದು ಪರಿಚಿತವಾದ ಕೈಯ ವಾಸನೆಯನ್ನು.

ಆಮೇಲಿನ ದುಃಖಕ್ಕೆ ನಮ್ಮ ಸಮಾಜದಲ್ಲಿ ಸ್ಥಾನವಿಲ್ಲ. ಸೂತಕವಿಲ್ಲ, ಹದಿಮೂರನೆಯ ದಿನದ ವೈಕುಂಠ ಸಮಾರಾಧನೆಯಿಲ್ಲ, ಕಚೇರಿಯಲ್ಲಿ ರಜೆಯಿಲ್ಲ. ಮನೆಗೆ ಬಂದವರು ಎರಡು ನಿಮಿಷ ಸುಮ್ಮನಿದ್ದು, ‘ಇನ್ನೊಂದು ಮರಿ ತಂದುಬಿಡಿ’ ಎನ್ನುವರು. ಅತ್ತರೆ ನಗುವರೇನೋ ಎಂದು ದೊಡ್ಡವರು ಸ್ನಾನದ ಮನೆಯಲ್ಲಿ ಅಳುವರು. ಬೆಳಗಿನ ದಾರಿಯಲ್ಲಿ ನಾಯಿಯಿಲ್ಲದೆ ಒಂಟಿಯಾಗಿ ಬಂದವರನ್ನು ಕಂಡು, ಏನೊಂದೂ ಕೇಳದೆ, ತಮ್ಮ ನಾಯಿಯನ್ನು ಅವರ ಬಳಿಗೆ ಬಿಟ್ಟು ನಿಲ್ಲುವ ಸಹಯಾತ್ರಿಗಳಷ್ಟೇ ಅವರಿಗೆ ಬಂಧುಗಳು.

ಕನ್ನಡನಾಡಿನಲ್ಲಿ ಯಾವಾಗಲೂ ಹೀಗಿರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಹತ್ತನೆಯ ಶತಮಾನದ ನಡುಭಾಗದ ಶಿಲಾಶಾಸನವನ್ನು ಒಮ್ಮೆ ಹೋಗಿ ನೋಡಬೇಕು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳ ರಾಜಾದಿತ್ಯನನ್ನು ಗೆದ್ದ ತರುವಾಯ, ಆ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನಿಗೆ ಬೂತುಗನು ಮೆಚ್ಚಿ, ಬೇಕಾದುದನ್ನು ಕೇಳಿಕೊಳ್ಳೆಂದನು. ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಮಣಲೆರನು ಕೇಳಿದುದು ಒಡೆಯನ ಬಳಿಯಲ್ಲಿದ್ದ ಕಾಳಿಯೆಂಬ ನಾಯಿಯನ್ನು. ಆ ನಾಯಿಯನ್ನು ಒಮ್ಮೆ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಸತ್ತುವು. ಆತಕೂರಿನ ಚಲ್ಲೇಶ್ವರನ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿದರು, ಹಂದಿಯೊಡನೆ ಹೋರುತ್ತಿರುವ ನಾಯಿಯನ್ನು ಅದರ ಮೇಲೆ ಕೆತ್ತಿಸಿದರು, ಭೂಮಿಯನ್ನು ದತ್ತಿಬಿಟ್ಟರು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಎಂದರೆ ಅಲ್ಲಿನ ಶೈವ ಪೂಜಾರಿಗೆ, ನಾಯಿ ಮಾಡಿದ ಪಾಪ ತಟ್ಟುವುದೆಂದು ವಿಧಿಸಿದರು. ಮಹಾಯುದ್ಧವೊಂದರ ವೃತ್ತಾಂತವನ್ನು ಹೊತ್ತಿರುವುದರಿಂದ ಇತಿಹಾಸಕಾರರು ಆ ಕಲ್ಲಿಗೆ ಬೆಲೆಕಟ್ಟುವರು. ನನಗಾದರೋ, ಒಂದು ನಾಯಿಯ ಸಾವನ್ನು ಊರಿನ ನಡುವೆ, ದೇವರ ಎದುರಿಗೆ, ನಾಚಿಕೆಯಿಲ್ಲದೆ ಹೇಳಿಕೊಂಡವರು ನಮ್ಮ ಪೂರ್ವಿಕರೆಂಬುದೇ ಅದರ ಮಹತ್ತು.

ಇಂದು ಹಿತ್ತಿಲಿದ್ದವರು ತೆಂಗಿನ ಮರದ ಬಳಿ ನಾಲ್ಕಡಿ ಆಳಕ್ಕೆ ತೋಡಿ, ಅರಿಶಿನ ಕುಂಕುಮವಿಟ್ಟು ಮಣ್ಣುಮಾಡುತ್ತಾರೆ. ಬಹುಮಹಡಿಯ ಮನೆಯವರಿಗೆ ಅಷ್ಟು ನೆಲವೂ ಇಲ್ಲ. ಬೆಂಗಳೂರಿನಲ್ಲಿ ಕೆಂಗೇರಿಯ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯವರು ಸಾಕುಪ್ರಾಣಿಗಳಿಗೆಂದೇ ಇರಿಸಿರುವ ಸ್ಮಶಾನದಂತಹವು ಪ್ರತಿ ಜಿಲ್ಲಾಕೇಂದ್ರದಲ್ಲಿಯೂ ಆಗಬೇಕೆಂದು ನಗರಸಭೆಗಳನ್ನು ಕೇಳುವುದರಲ್ಲಿ ಸಂಕೋಚಪಡಬೇಕಾದುದಿಲ್ಲ. ಇನ್ನು ಎರಡನೆಯ ನಾಯಿಯ ಮಾತು. ಕೆಲವರು ತಿಂಗಳೊಳಗೆ ತರುವರು, ಕೆಲವರು ಇನ್ನೆಂದಿಗೂ ಬೇಡವೆಂದು ಶಪಥಮಾಡುವರು. ಯಾರನ್ನೂ ಅವಸರಪಡಿಸಬಾರದು, ಯಾರನ್ನೂ ಆಕ್ಷೇಪಿಸಬಾರದು. ಶಪಥಮಾಡಿದವರಲ್ಲಿಯೂ ಬಹುಮಂದಿ, ಗೇಟಿನ ಬಳಿ ಬಂದು ನಿಲ್ಲುವ ಬೀದಿನಾಯಿಗೆ ಮೊದಲು ಮಿಕ್ಕ ಅನ್ನವನ್ನೂ, ಆಮೇಲೆ ಅದಕ್ಕೆಂದೇ ಮಾಡಿದ ಅನ್ನವನ್ನೂ ಹಾಕತೊಡಗಿ, ನಗರಸಭೆಯವರಿಗೆ ಹೇಳಿ ಅದಕ್ಕೆ ಸಂತಾನಹರಣ ಚಿಕಿತ್ಸೆಯನ್ನೂ ಹುಚ್ಚುರೋಗದ ಚುಚ್ಚುಮದ್ದನ್ನೂ ಮಾಡಿಸಿ, ಕೆಲವು ವಾರಗಳು ಕಳೆಯುವಷ್ಟರಲ್ಲಿ ಅದನ್ನು ಹೆಸರು ಹಿಡಿದು ಕರೆಯುತ್ತಿರುತ್ತಾರೆ.