ವಿದ್ಯುತ್ ಗಿಟಾರೂ ಅದರ ಪ್ರತಿಕೃತಿಯೂ

2019ನೆಯ ಇಸವಿಯ ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಕ್ರಿಸ್ಟೀಸ್ ಸಂಸ್ಥೆಯವರು ನಡೆಸಿದ ಹರಾಜಿನಲ್ಲಿ ಕರಿಯ ಬಣ್ಣದ ಒಂದು ವಿದ್ಯುತ್ ಗಿಟಾರು 39,75,000 ಡಾಲರುಗಳಿಗೆ ಮಾರಾಟವಾಯಿತು. ಪಿಂಕ್ ಫ್ಲಾಯ್ಡ್ ಎಂಬ ಆಂಗ್ಲ ವಾದ್ಯಗೋಷ್ಠಿಯ ಡೇವಿಡ್ ಗಿಲ್ಮರ್ ಎಂಬುವರು 1970ರಲ್ಲಿ ಕೊಂಡು ಬಹುಕಾಲ ನುಡಿಸಿದ ವಾದ್ಯವದು. ಅದನ್ನು ತಯಾರಿಸಿದ ಫೆಂಡರ್ ಸಂಸ್ಥೆಯೇ 2008ರಲ್ಲಿ ಅದರ ಪ್ರತಿಕೃತಿಯನ್ನೂ ಮಾರಾಟಕ್ಕೆ ತಂದಿತ್ತು. ಪ್ರತಿಕೃತಿಯ ಬೆಲೆ ಕೆಲವು ಸಾವಿರ ಡಾಲರುಗಳು ಮಾತ್ರ. ಇದರಲ್ಲೊಂದು ಸೋಜಿಗವಿದೆ. ಮೂಲ ವಾದ್ಯದ ದಂಡಿಯನ್ನೂ ಒಳಗಿನ ವಿದ್ಯುತ್ ಭಾಗಗಳನ್ನೂ ಗಿಲ್ಮರ್ ಅವರೇ ಹಲವು ಬಾರಿ ಬದಲಾಯಿಸಿದ್ದರು. ಹಾಗಿದ್ದಮೇಲೆ ಮೂಲಕ್ಕೂ ಪ್ರತಿಕೃತಿಗೂ ಇರುವ ಭೇದವೇನು? ಕಿವಿಗೆ ಕೇಳಿಸುವ ಭೇದವೆಷ್ಟು, ಕೇವಲ ಮನಸ್ಸಿಗೆ ತೋರುವ ಭೇದವೆಷ್ಟು?

ಹರಾಜಿನ ಕಟ್ಟೆಯಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯದು. ಭೌತಶಾಸ್ತ್ರದಲ್ಲಿ ಅರ್ಧ ಉತ್ತರವಾದರೂ ದೊರೆಯುತ್ತದೆ. ಅದನ್ನು ಅರಸಲು ನಾವು ಮತ್ತೊಂದು ಗಿಟಾರನ್ನು ಆರಿಸಿಕೊಳ್ಳುತ್ತೇವೆ. ಅದು ಯಾವ ಕಾರ್ಖಾನೆಯಲ್ಲೂ ತಯಾರಾದುದಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ತಂದೆಯೊಡನೆ ಮನೆಯಲ್ಲೇ ಮಾಡಿದ ವಾದ್ಯ.

ಈ ವಿದ್ಯಾರ್ಥಿಯೇ ಮುಂದೆ ಕ್ವೀನ್ ವಾದ್ಯಗೋಷ್ಠಿಯಿಂದ ಲೋಕಪ್ರಸಿದ್ಧನಾದ ಬ್ರಯನ್ ಮೇ. ಅವರು ಜನಿಸಿದ್ದು 1947ರಲ್ಲಿ, ಲಂಡನ್ ಬಳಿಯ ಹ್ಯಾಂಪ್ಟನ್ನಿನಲ್ಲಿ. 1963ರಲ್ಲಿ ಅವರಿಗೆ ವಿದ್ಯುತ್ ಗಿಟಾರು ಬೇಕೆನಿಸಿತು. ಅಂಗಡಿಯ ಗಿಟಾರನ್ನು ಕೊಳ್ಳುವಷ್ಟು ಹಣವಿರಲಿಲ್ಲ. ತಂದೆ ಹೆರಾಲ್ಡ್ ಮೇ ಅವರು ವಿದ್ಯುನ್ಮಾನ ವಿದ್ಯೆಯನ್ನು ಬಲ್ಲವರು, ಕೈಕೆಲಸದಲ್ಲಿ ಕುಶಲರು. ತಂದೆಮಕ್ಕಳು ಸುಮಾರು ಎರಡು ವರ್ಷ ದುಡಿದು ವಾದ್ಯವನ್ನು ಮುಗಿಸಿದರು. ದಂಡಿಗೆ ಒದಗಿದ್ದು ಪರಿಚಿತರ ಮನೆಯವರು ಎಸೆಯಲಿದ್ದ ಹಳೆಯ ಅಗ್ಗಿಷ್ಟಿಕೆಯ ಮಹಾಗನಿ ಚೌಕಟ್ಟು. ಅದರಲ್ಲಿ ಹುಳು ಕೊರೆದ ರಂಧ್ರಗಳಿದ್ದವು. ಅವನ್ನು ಬೆಂಕಿಕಡ್ಡಿಗಳಿಂದ ಮುಚ್ಚಿದರು. ಒಡಲಿನ ನಡುಭಾಗ ಹಳೆಯ ಮೇಜಿನ ಓಕ್ ಮರ. ಉಳಿದದ್ದು ಬ್ಲಾಕ್‌ಬೋರ್ಡು, ಮೇಲೆ ಮಹಾಗನಿಯ ತೆಳು ಹೊದಿಕೆ. ಸ್ವರಸ್ಥಾನಗಳ ಗುರುತಿಗೆ ತಾಯಿಯ ಹೊಲಿಗೆ ಪೆಟ್ಟಿಗೆಯ ಚಿಪ್ಪಿನ ಗುಂಡಿಗಳು; ಒಂದು ಸನ್ನೆಯ ತುದಿಗೆ ಅವರದೇ ಹೆಣಿಗೆ ಕಡ್ಡಿಯ ತುಂಡು. ನಮ್ಮ ವೀಣೆಯಲ್ಲಿರುವಂತೆಯೇ ಮೆಟ್ಟುಗಳು 24. ಬಣ್ಣದ ಕಾರಣ ವಾದ್ಯಕ್ಕೆ ‘ರೆಡ್ ಸ್ಪೆಷಲ್’ ಎಂಬ ಹೆಸರು ಬಂದಿತು.

ಇಂತಹ ವಾದ್ಯದಲ್ಲಿ ನಾದ ಹುಟ್ಟುವ ಬಗೆಯನ್ನು ಈಗ ವಿಚಾರಿಸೋಣ. ವೀಣೆಯಲ್ಲಿ ತಂತಿಯ ಕಂಪನವು ಕುದುರೆಯ ಮೂಲಕ ಕೊಡಕ್ಕೆ ಸಾಗಿ ಅಲ್ಲಿಂದ ಗಾಳಿಗೆ ಹರಡುತ್ತದೆ. ವಿದ್ಯುತ್ ಗಿಟಾರಿನಲ್ಲಿ ಮರದ ಧ್ವನಿಗೆ ಅಷ್ಟು ಪ್ರಾಧಾನ್ಯವಿಲ್ಲ. ತಂತಿಗಳ ಕೆಳಗೆ ಅಯಸ್ಕಾಂತವೂ ಅದನ್ನು ಸುತ್ತಿದ ಸಾವಿರಾರು ಸುತ್ತುಗಳ ತಾಮ್ರದ ಸುರುಳಿಯೂ ಇರುತ್ತವೆ. ಇದಕ್ಕೆ ಪಿಕಪ್ ಎಂದು ಹೆಸರು. ಅಯಸ್ಕಾಂತದ ಸಾನ್ನಿಧ್ಯದಲ್ಲಿ ಉಕ್ಕಿನ ತಂತಿಯೂ ಕಾಂತತ್ವವನ್ನು ಪಡೆಯುತ್ತದೆ. ಅದು ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಪ್ರವಾಹ ಹೆಚ್ಚುಕಡಮೆಯಾಗಿ, ಫ್ಯಾರಡೆ 1831ರಲ್ಲಿ ಕಂಡುಹಿಡಿದ ನಿಯಮದಂತೆ ವಿದ್ಯುತ್ತು ಪ್ರೇರಿತವಾಗುತ್ತದೆ. ಈ ಕ್ಷೀಣ ವಿದ್ಯುತ್ತನ್ನು ವರ್ಧಕವು ಬಲಗೊಳಿಸಿ ಲೌಡ್‌ಸ್ಪೀಕರಿಗೆ ಕೊಡುತ್ತದೆ. ನೈಲಾನ್ ತಂತಿ ಕಟ್ಟಿದರೆ ಪಿಕಪ್ಪಿಗೆ ಏನೂ ತಿಳಿಯದು.

ಮೇ ಅವರು ಮೊದಲು ಪಿಕಪ್ಪುಗಳನ್ನೂ ತಾವೇ ಸುತ್ತಿದರು. ಗುಂಡಿಯಾಕಾರದ ಅಯಸ್ಕಾಂತಗಳನ್ನು ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂದು ಧ್ರುವಗಳು ಒಂದು ಬಿಟ್ಟೊಂದು ಬರುವಂತೆ ಜೋಡಿಸಿದ್ದರು. ಬೆರಳಿನಿಂದ ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರವನ್ನು ಏರಿಸುವಾಗಲೆಲ್ಲ (ನಮ್ಮವರು ಗಮಕಕ್ಕಾಗಿ ಎಳೆಯುವಂತೆ) ವಿಕಾರವಾದ ಸದ್ದು ಬರುತ್ತಿತ್ತು. ಕಾರಣ ಸ್ಪಷ್ಟ. ತಂತಿಯು ಉತ್ತರ ಧ್ರುವದ ಮೇಲಿನಿಂದ ದಕ್ಷಿಣ ಧ್ರುವದತ್ತ ಸರಿದಾಗ ಕಾಂತಕ್ಷೇತ್ರದ ದಿಕ್ಕೇ ತಿರುಗಿಬಿಡುತ್ತದೆ. ಕೊನೆಗೆ ಬರ್ನ್ಸ್ ಸಂಸ್ಥೆಯ ಮೂರು ಟ್ರೈಸಾನಿಕ್ ಪಿಕಪ್ಪುಗಳನ್ನು ಕೊಂಡು, ಸುರುಳಿಗಳು ಅಲುಗದಂತೆ ಅವುಗಳೊಳಗೆ ಆರಲ್ಡೈಟ್ ಅಂಟನ್ನು ತುಂಬಿದರು. ಪ್ರಯೋಗವೊಂದು ಸೋತದ್ದರಿಂದ ಬಂದ ಈ ಮಾರ್ಪಾಟು ಮುಂದೆ ಈ ವಾದ್ಯದ ಲಕ್ಷಣಗಳಲ್ಲೊಂದಾಯಿತು.

ಪ್ರತಿಕೃತಿ ಮಾಡುವವನು ಮೊದಲು ಅಳೆಯಬೇಕಾದದ್ದು ಪಿಕಪ್ಪುಗಳ ಸ್ಥಾನ. ಎಳೆದು ಕಟ್ಟಿದ ತಂತಿಯು ಏಕಕಾಲದಲ್ಲಿ ಒಂದೇ ತುಂಡಾಗಿಯೂ ಎರಡು, ಮೂರು, ನಾಲ್ಕು ತುಂಡುಗಳಾಗಿಯೂ ಕಂಪಿಸುತ್ತದೆ. ಒಂದೇ ತುಂಡಿನ ಕಂಪನ ಮೂಲಸ್ವರ; ಉಳಿದವು ಉಪಸ್ವರಗಳು. ತುಂಡುಗಳ ನಡುವಣ ನಿಶ್ಚಲ ಬಿಂದುಗಳು ನಿಸ್ಪಂದಗಳು. ನಿಸ್ಪಂದದ ಕೆಳಗೆ ಪಿಕಪ್ ಇದ್ದರೆ ಆ ಉಪಸ್ವರ ಅದಕ್ಕೆ ಕೇಳಿಸುವುದೇ ಇಲ್ಲ. ನಿಸ್ಪಂದದಲ್ಲಿ ಮೀಟಿದರೆ ಆ ಉಪಸ್ವರ ಹುಟ್ಟದೆಂಬ ಯಂಗನ ನಿಯಮವೂ ಇದಕ್ಕೆ ಹತ್ತಿರದ್ದೇ. ವೀಣೆ ತಂಬೂರಿಗಳ ಅಗಲವಾದ ಬಾಗಿದ ಕುದುರೆಯ ದೆಸೆಯಿಂದ ಯಂಗನ ನಿಯಮ ಅಲ್ಲಿ ಸಲ್ಲದೆಂದು ಸರ್ ಸಿ. ವಿ. ರಾಮನ್ ಅವರು 1921ರಲ್ಲಿ ತೋರಿಸಿದ್ದರು. ಗಿಟಾರಿನ ಕುದುರೆ ಕಿರಿದು. ಅಲ್ಲಿ ನಿಯಮ ನಡೆಯುತ್ತದೆ.

ರೆಡ್ ಸ್ಪೆಷಲ್‌ನಲ್ಲಿ ಪ್ರತಿಯೊಂದು ಪಿಕಪ್ಪಿಗೂ ಎರಡು ಸ್ವಿಚ್ಚುಗಳಿವೆ. ಒಂದು, ಪಿಕಪ್ಪನ್ನು ಸೇರಿಸಲು ಅಥವಾ ಬಿಡಲು. ಇನ್ನೊಂದು, ಅದರ ವಿದ್ಯುತ್ತಿನ ದಿಕ್ಕನ್ನು ತಿರುಗಿಸಲು. ಎರಡನೆಯದರ ಪರಿಣಾಮವನ್ನು ವಾಚಕರು ಸೈನ್ ಕೋಷ್ಟಕದಿಂದ ತಾವೇ ಲೆಕ್ಕ ಹಾಕಬಹುದು. ಈ ಗಿಟಾರಿನ ತಂತಿಯ ಉದ್ದ 24 ಅಂಗುಲ, ಅಂದರೆ ಸುಮಾರು 61 ಸೆಂ. ಮೀ. ಎರಡು ಪಿಕಪ್ಪುಗಳು ಕುದುರೆಯಿಂದ 9 ಮತ್ತು 14 ಸೆಂ. ಮೀ. ದೂರದಲ್ಲಿವೆಯೆಂದು ಭಾವಿಸೋಣ. ಮೂಲಸ್ವರದಲ್ಲಿ ಈ ಎರಡು ಸ್ಥಾನಗಳಲ್ಲಿಯೂ ತಂತಿ ಒಂದೇ ದಿಕ್ಕಿಗೆ ಚಲಿಸುತ್ತದೆ. ಚಲನೆಯ ಪ್ರಮಾಣ 0.45 ಮತ್ತು 0.66. ಕೂಡಿಸಿದರೆ 1.11, ಕಳೆದರೆ 0.21. ಆದ್ದರಿಂದ ಒಂದರ ದಿಕ್ಕನ್ನು ತಿರುಗಿಸಿದೊಡನೆ ಮೂಲಸ್ವರದ ಬಲ ಐದರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಐದು ತುಂಡುಗಳ ಕಂಪನದಲ್ಲಿಯಾದರೋ ಕುದುರೆಯಿಂದ 12.2 ಸೆಂ. ಮೀ. ದೂರದಲ್ಲಿ, ಎರಡು ಪಿಕಪ್ಪುಗಳ ನಡುವೆ, ನಿಸ್ಪಂದವೊಂದಿದೆ. ಅದರ ಎರಡು ಪಕ್ಕಗಳಲ್ಲಿ ತಂತಿ ವಿರುದ್ಧ ದಿಕ್ಕುಗಳಿಗೆ ಚಲಿಸುವುದರಿಂದ ಈ ಉಪಸ್ವರದ ಬಲ, ಸ್ವಿಚ್ಚು ತಿರುಗಿಸಿದಾಗ, ನಾಲ್ಕು ಪಟ್ಟು ಏರುತ್ತದೆ. ತಂತಿ ಅದೇ, ಮೀಟಿದ ಬೆರಳೂ ಅದೇ; ಆದರೆ ತುಂಬಿದ ಕಂಠ ಹೋಗಿ ತೀಕ್ಷ್ಣವಾದ ಕಂಠ ಬರುತ್ತದೆ. ಪಿಕಪ್ಪನ್ನು ಒಂದು ಸೆಂಟಿಮೀಟರ್ ಸರಿಸಿದರೂ ಈ ಲೆಕ್ಕವೆಲ್ಲ ಬದಲಾಗುತ್ತದೆ.

ಇನ್ನು ಜೋಡಣೆಯ ವಿಷಯ. ಸಾಮಾನ್ಯ ಗಿಟಾರುಗಳಲ್ಲಿ ಪಿಕಪ್ಪುಗಳನ್ನು ಸಮಾಂತರವಾಗಿ ಜೋಡಿಸುವುದು ವಾಡಿಕೆ. ಮೇ ಅವರು ಶ್ರೇಣಿಯಲ್ಲಿ ಜೋಡಿಸಿದರು. ಶ್ರೇಣಿಯಲ್ಲಿ ವೋಲ್ಟುಗಳೂ ಕೂಡುತ್ತವೆ, ಸುರುಳಿಗಳ ಪ್ರೇರಕತ್ವವೂ ಕೂಡುತ್ತದೆ. ಸುರುಳಿಯೂ, ವರ್ಧಕಕ್ಕೆ ಹೋಗುವ ಕೇಬಲಿನ ಧಾರಕತ್ವವೂ ಸೇರಿ ಒಂದು ಅನುರಣನ ಮಂಡಲವಾಗುತ್ತವೆ. ಉದಾಹರಣೆಗೆ, ಪ್ರೇರಕತ್ವ 2 ಹೆನ್ರಿ, ಧಾರಕತ್ವ 500 ಪೈಕೋಫ್ಯಾರಡ್ ಆದರೆ ಅನುರಣನದ ಕಂಪನಸಂಖ್ಯೆ ಸುಮಾರು 5000. ಅಂತಹ ಮೂರು ಸುರುಳಿಗಳು ಶ್ರೇಣಿಯಲ್ಲಿ ಸೇರಿದರೆ ಅದು ಸುಮಾರು 2900ಕ್ಕೆ ಇಳಿಯುತ್ತದೆ. ಅದಕ್ಕೆ ಮೇಲ್ಪಟ್ಟ ಸ್ವರಗಳು ಕುಗ್ಗುತ್ತವೆ; ನಾದ ದಪ್ಪವಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಇದಾವುದೂ ಕಾಣುವುದಿಲ್ಲ. ಬಣ್ಣ, ಆಕಾರ, ಗುಂಡಿಗಳೆಲ್ಲ ಯಥಾವತ್ತಾಗಿದ್ದು ಒಳಗಿನ ತಂತಿಗಳನ್ನು ಸಮಾಂತರವಾಗಿ ಬೆಸೆದಿದ್ದರೆ, ಅದು ಚಿತ್ರಪಟಕ್ಕೆ ಪ್ರತಿಕೃತಿ, ಕಿವಿಗಲ್ಲ.

ಈ ವಾದ್ಯದಲ್ಲಿ ನಮಗೆ ಅತ್ಯಂತ ಪ್ರಿಯವಾದ ಭಾಗವೆಂದರೆ ತಂತಿಗಳ ಬಿಗಿತವನ್ನು ಕೈಯಿಂದ ಸಡಿಲಿಸಿ ಸ್ವರವನ್ನು ತೂಗಾಡಿಸುವ ಸನ್ನೆ. ಆರು ತಂತಿಗಳ ಒಟ್ಟು ಎಳೆತ 30 ಕಿಲೋಗ್ರಾಮ್ ತೂಕಕ್ಕೂ ಹೆಚ್ಚು. ಸನ್ನೆಯನ್ನು ಬಿಟ್ಟ ಕೂಡಲೆ ಬಿಗಿತ ಮೊದಲಿನಷ್ಟೇ ಆಗಬೇಕು. ಬಿಗಿತದಲ್ಲಿ ನೂರಕ್ಕೆ ಒಂದು ಭಾಗ ತಪ್ಪಿದರೂ ಕಂಪನಸಂಖ್ಯೆ ನೂರಕ್ಕೆ ಅರ್ಧ ಭಾಗ ತಪ್ಪುತ್ತದೆ. 110ರ ಸ್ವರ 110.55 ಆಗುತ್ತದೆ. ಸರಿಯಾದ ಸ್ವರದೊಡನೆ ನುಡಿಸಿದಾಗ ಸುಮಾರು ಎರಡು ಸೆಕೆಂಡಿಗೊಮ್ಮೆ ನಾದ ಏರಿ ಇಳಿದು ದೋಷವನ್ನು ಬಯಲು ಮಾಡುತ್ತದೆ. ತಪ್ಪಿಗೆ ಕಾರಣ ಘರ್ಷಣೆ. ತಂದೆಮಕ್ಕಳು ಇದಕ್ಕೆ ಕಂಡ ಉಪಾಯ ನಮ್ಮ ಕಾಲೇಜಿನ ಪ್ರಯೋಗಶಾಲೆಯ ಸೂಕ್ಷ್ಮ ತಕ್ಕಡಿಯಲ್ಲಿರುವುದೇ: ಗಟ್ಟಿ ಉಕ್ಕಿನ ಅಲುಗಿನ ಮೇಲೆ ಇಡೀ ಏರ್ಪಾಟು ತೂಗುತ್ತದೆ. ತಂತಿಗಳ ಎಳೆತಕ್ಕೆ ಎದುರಾಗಿ 1928ರ ಪ್ಯಾಂಥರ್ ಮೋಟಾರ್ ಸೈಕಲ್ಲಿನ ಎರಡು ಕವಾಟದ ಸ್ಪ್ರಿಂಗುಗಳನ್ನು ಕೂರಿಸಿದರು. ಕುದುರೆಯಲ್ಲಿ ತಂತಿಗಳು ಉಜ್ಜದಂತೆ ಪುಟ್ಟ ಉರುಳೆಗಳನ್ನಿಟ್ಟರು.

ಹಾಗಾದರೆ ಮರಕ್ಕೆ ಕೆಲಸವೇ ಇಲ್ಲವೆ? ಸಂಗ್ರಾಹಕರು ಹಳೆಯ ಮರದ ಗುಣವನ್ನು ಬಹುವಾಗಿ ಹೊಗಳುವುದುಂಟು. ಗಟ್ಟಿ ಒಡಲಿನ ವಿದ್ಯುತ್ ಗಿಟಾರುಗಳ ಮಟ್ಟಿಗೆ ಈ ಹೊಗಳಿಕೆ ಅತಿಯಾದದ್ದೆಂದು ನಮ್ಮ ಅಭಿಪ್ರಾಯ. ರೆಡ್ ಸ್ಪೆಷಲ್‌ನ ಒಡಲೊಳಗೆ ಮಾತ್ರ ಬೇಕೆಂದೇ ಪೊಳ್ಳು ಬಿಟ್ಟಿದ್ದಾರೆ. ಸಭೆಗಳಲ್ಲಿ ಮೈಕು ಲೌಡ್‌ಸ್ಪೀಕರಿಗೆ ಅಭಿಮುಖವಾದಾಗ ಕಿರಿಚುವುದನ್ನು ಎಲ್ಲರೂ ಕೇಳಿದ್ದೇವೆ. ಇಲ್ಲಿಯೂ ಲೌಡ್‌ಸ್ಪೀಕರಿನ ಶಬ್ದ ಒಡಲನ್ನು ನಡುಗಿಸಿ, ಒಡಲು ತಂತಿಯನ್ನು ನಡುಗಿಸಿ, ತಂತಿ ಮತ್ತೆ ಪಿಕಪ್ಪಿಗೆ ಅದೇ ಸ್ವರವನ್ನು ಕೊಡುತ್ತದೆ. ಆ ಚಕ್ರ ಸಾಗುವವರೆಗೆ ಸ್ವರ ಆರುವುದಿಲ್ಲ. ಪಿಟೀಲಿನಲ್ಲಿ ಕಮಾನು ಮಾಡುವ ಕೆಲಸವನ್ನು ಇಲ್ಲಿ ಲೌಡ್‌ಸ್ಪೀಕರು ಮಾಡುತ್ತದೆ. ಆದರೆ ಸುರುಳಿಯೇ ಅಲುಗಿದರೆ ಬರುವುದು ಸ್ವರವಲ್ಲ, ಕಿರಿಚಾಟ. ಆರಲ್ಡೈಟ್ ತಡೆಯುವುದು ಇದನ್ನೇ.

ಈ ಗಿಟಾರಿನ ಪ್ರತಿಕೃತಿಗಳು ಹಲವು ಬಂದಿವೆ. 1980ರ ದಶಕದ ನಡುವೆ ಅಮೆರಿಕದ ಗಿಲ್ಡ್ ಸಂಸ್ಥೆ ತಯಾರಿಸಿದ ಗಿಟಾರಿಗೆ ರೂಪವೇನೋ ಬಂದಿತು. ಅಲುಗಿನ ಏರ್ಪಾಟಿನ ಬದಲು ಮಾತ್ರ ಸಿದ್ಧ ಯಂತ್ರವೊಂದನ್ನು ಅಳವಡಿಸಿದ್ದರು. 1990ರ ದಶಕದ ಕೊನೆಗೆ ಆಸ್ಟ್ರೇಲಿಯದ ಗ್ರೆಗ್ ಫ್ರಾಯರ್ ಅವರು ಮೂಲವನ್ನೇ ಅಳೆದು ಮೂರು ಪ್ರತಿಕೃತಿಗಳನ್ನು ಮಾಡಿದರು. 1998ರಲ್ಲಿ ಸವೆದಿದ್ದ ಮೂಲವನ್ನು ಜೀರ್ಣೋದ್ಧಾರ ಮಾಡಿದವರೂ ಅವರೇ. ಮುಂದೆ ಇಂಗ್ಲೆಂಡಿನ ಆಂಡ್ರ್ಯೂ ಗೈಟನ್ ಅವರೂ ಇದೇ ಹಾದಿ ಹಿಡಿದರು. ಬರಬರುತ್ತ ಹೊರಗಿನ ಹೋಲಿಕೆಗಿಂತ ಒಳಗಿನ ಅಳತೆಗೆ ಬೆಲೆ ಬಂದಿತು.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಗಿಟಾರಲ್ಲ, ಅದರ ಜೊತೆಗಾರ ವರ್ಧಕ. ಕ್ವೀನ್ ಗೋಷ್ಠಿಯಲ್ಲಿ ಬಾಸ್ ಗಿಟಾರು ನುಡಿಸುತ್ತಿದ್ದ, ವಿದ್ಯುನ್ಮಾನ ಶಾಸ್ತ್ರದ ಪದವೀಧರ ಜಾನ್ ಡೀಕನ್ ಅವರು 1970ರ ದಶಕದ ಮೊದಲಲ್ಲಿ ಕಸದ ತೊಟ್ಟಿಯಲ್ಲಿ ಸಿಕ್ಕಿದ ಟ್ರಾನ್ಸಿಸ್ಟರ್ ಮಂಡಲವೊಂದನ್ನು ಸ್ಪೀಕರ್ ಪೆಟ್ಟಿಗೆಯಲ್ಲಿಟ್ಟು ಈ ವರ್ಧಕವನ್ನು ಮಾಡಿದ್ದರು. 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಅದಕ್ಕೆ ತಿರುಗಿಸಲು ಒಂದು ಗುಂಡಿಯೂ ಇಲ್ಲ. 1975ರ ‘ಗುಡ್ ಕಂಪನಿ’ ಎಂಬ ಹಾಡಿನಲ್ಲಿ ತುತ್ತೂರಿ ಕ್ಲಾರಿನೆಟ್ಟುಗಳಂತೆ ಕೇಳಿಸುವುದು ಇದೇ ಗಿಟಾರು, ಇದೇ ವರ್ಧಕ. ಆ ಮಂಡಲ ಸೂಪರ್‌ಸಾನಿಕ್ ಎಂಬ ಸಣ್ಣ ರೇಡಿಯೋದ್ದೆಂದು ತಿಳಿದುಬಂದದ್ದು ಬಹುಕಾಲದ ಮೇಲೆ. ಅದರ ಟ್ರಾನ್ಸಿಸ್ಟರುಗಳು ಜರ್ಮೇನಿಯಮ್ಮಿನವು. ಅವುಗಳ ಗುಣ ಉಷ್ಣತೆಯೊಡನೆ ಬದಲಾಗುತ್ತದೆ. ಒಂದೇ ಹೆಸರಿನ ಎರಡು ಟ್ರಾನ್ಸಿಸ್ಟರುಗಳು ಒಂದೇ ತೆರನಾಗಿರುವುದೂ ಅಪರೂಪ. ಫ್ರಾಯರ್ ಅವರೂ ನೈಜೆಲ್ ನೈಟ್ ಅವರೂ ವರ್ಷಗಟ್ಟಲೆ ಶೋಧಿಸಿ, ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ಅಳೆದು ಆರಿಸಿ, ಅದರ ಪ್ರತಿಕೃತಿಯನ್ನು ಹೊರತಂದರು.

ಬೆಂಕಿಕಡ್ಡಿ ತುಂಬಿದ ಹುಳುವಿನ ರಂಧ್ರಗಳನ್ನೂ ನಕಲು ಮಾಡಬೇಕೆ ಎಂದು ಕೇಳಿದರೆ, ವೋಲ್ಟ್‌ಮೀಟರಿನ ಮುಳ್ಳು ಅವುಗಳಿಗಾಗಿ ಅಲುಗದೆಂದಷ್ಟೇ ನಾವು ಹೇಳಬಲ್ಲೆವು. ಮೇ ಅವರು ಸಂಗೀತಕ್ಕಾಗಿ 1974ರಲ್ಲಿ ಬಿಟ್ಟಿದ್ದ ಖಗೋಳ ಸಂಶೋಧನೆಯನ್ನು ಮತ್ತೆ ಕೈಗೆತ್ತಿಕೊಂಡು 2007ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ ಡಾಕ್ಟರೇಟ್ ಪಡೆದರು. ಅದಕ್ಕೆ ಐದು ವರ್ಷ ಮೊದಲು, 2002ರ ಜೂನ್ ತಿಂಗಳಲ್ಲಿ, ರಾಣಿ ಎಲಿಜಬೆತ್ತರ ಪಟ್ಟದ ಸುವರ್ಣೋತ್ಸವಕ್ಕೆ ಬಕಿಂಗ್‌ಹ್ಯಾಮ್ ಅರಮನೆಯ ಛಾವಣಿಯ ಮೇಲೆ ನಿಂತು ರಾಷ್ಟ್ರಗೀತೆಯನ್ನು ನುಡಿಸಿದಾಗ ಅವರ ಕೈಯಲ್ಲಿದ್ದದ್ದು ಆ ಅಗ್ಗಿಷ್ಟಿಕೆಯ ಮರದ ಗಿಟಾರೇ.