ಮರದೊಳಗಿನ ಹುಳು, ಮರವನ್ನು ಕೊಲ್ಲುವ ಅಣಬೆ

ಆನೆಮಲೆಯ ತಪ್ಪಲಿನ ಉಡುಮಲೈಪೇಟೆ ಸೀಮೆ ತೆಂಗಿನ ತೋಟಗಳ ನಾಡು. ತೆಂಗಿನ ಬುಡದಲ್ಲಿ ಕೆಂಗಂದು ರಸ ಒಸರಿ, ಗರಿಗಳು ಜೋತುಬಿದ್ದು, ಬುಡಕ್ಕೆ ಅಂಟಿದಂತೆ ಗಟ್ಟಿ ಅಣಬೆ ಮೂಡುವ ರೋಗವೊಂದುಂಟು. 1952ರಲ್ಲಿ ತಂಜಾವೂರು ಜಿಲ್ಲೆಯಲ್ಲಿ ಗುರುತಿಸಲ್ಪಟ್ಟ ಕಾರಣ ತಮಿಳುನಾಡಿನಲ್ಲಿ ಅದಕ್ಕೆ ‘ತಂಜಾವೂರು ಸೊರಗು ರೋಗ’ ಎಂಬ ಹೆಸರು ಬಂದಿತು. ಅಡಕೆಗೆ ತಗಲುವ ಇದೇ ಬಗೆಯ ರೋಗವನ್ನು ಕನ್ನಡದ ಕೃಷಿಕರು ‘ಅಣಬೆ ರೋಗ’ ಎಂದರು. ಎರಡಕ್ಕೂ ಕಾರಣ ಗ್ಯಾನೊಡರ್ಮ ಎಂಬ ಶಿಲೀಂಧ್ರ. ಕನ್ನಡದ ಹೆಸರು ಕಂಡದ್ದನ್ನು ಸರಿಯಾಗಿಯೇ ಹೇಳುತ್ತದೆ. ಆದರೆ ಕಣ್ಣಿಗೆ ಬೀಳುವ ಅಣಬೆ ಶಿಲೀಂಧ್ರದ ಫಲಭಾಗ ಮಾತ್ರ. ನೂಲಿನಂತಹ ಅದರ ಎಳೆಗಳು ಬಹುಕಾಲ ಮೊದಲೇ ಬೇರು ಕಾಂಡಗಳನ್ನು ಹೊಕ್ಕಿರುತ್ತವೆ.

ಮರದೊಳಗೆ ಶಿಲೀಂಧ್ರ ಒಂಟಿಯಾಗಿರುವುದು ವಿರಳ. ಅಲ್ಲಿ ಜಂತುಹುಳುಗಳೂ ವಾಸಿಸಬಲ್ಲವು. ಬಹುಪಾಲು ಒಂದು ಮಿಲಿಮೀಟರಿಗೂ ಕಿರಿದಾದ ಈ ಜೀವಿಗಳಲ್ಲಿ ಕೆಲವಕ್ಕೆ ಬಾಯಲ್ಲಿ ಸೂಜಿಯಂತಹ ಅಂಗವಿದ್ದು, ಅದರಿಂದ ಶಿಲೀಂಧ್ರದ ಎಳೆಯನ್ನು ಚುಚ್ಚಿ ರಸ ಹೀರುತ್ತವೆ. ಹೀಗೆ ಬಾಳುವುದರಲ್ಲಿ ಕುಖ್ಯಾತವಾದುದು ಪೈನ್ ಮರದ ಜಂತುಹುಳು. ಉತ್ತರ ಅಮೆರಿಕದ ತನ್ನ ತವರಿನ ಪೈನ್‌ಗಳಿಗೆ ಅಷ್ಟೇನೂ ಕೇಡು ಮಾಡದ ಇದು, ಜಪಾನಿನ ಕಾಡುಗಳನ್ನು ಒಣಗಿಸಿ, 1999ರಲ್ಲಿ ಪೋರ್ಚುಗಲ್‌ನಲ್ಲಿಯೂ ಕಾಣಿಸಿಕೊಂಡಿತು. ಮೊದಲು ಮರದ ಜೀವಕೋಶಗಳನ್ನು ತಿನ್ನುತ್ತದೆ. ಮರ ಸಾಯತೊಡಗಿದಾಗ ಅಲ್ಲಿ ಹಬ್ಬುವ ನೀಲಿಕಲೆ ಶಿಲೀಂಧ್ರವನ್ನು ಉಂಡು ವೃದ್ಧಿಸುತ್ತದೆ. ಬಳಿಕ ಕೊರಕ ದುಂಬಿಯ ಮೈಯೇರಿ ಬೇರೆ ಮರಕ್ಕೆ ಸಾಗುತ್ತದೆ. ಇಲ್ಲಿ ಶಿಲೀಂಧ್ರವೇ ಹುಳುವಿನ ಅನ್ನ.

ಈ ಸಂಬಂಧ ತಿರುಗುಮುರುಗಾಗುವುದೂ ಉಂಟು. ಮರದಲ್ಲಿ ಇಂಗಾಲ ಹೇರಳ, ಸಾರಜನಕ ಅತ್ಯಲ್ಪ. ಈ ಕೊರತೆಯನ್ನು ಕೆಲವು ಶಿಲೀಂಧ್ರಗಳು ಬೇಟೆಯಿಂದ ನೀಗಿಕೊಳ್ಳುತ್ತವೆ. ನಾವು ಅಡುಗೆಗೆ ಬಳಸುವ ಸಿಂಪಿ ಅಣಬೆ ಜಂತುಹುಳುಗಳನ್ನು ನಿಶ್ಚೇಷ್ಟಗೊಳಿಸಿ, ಎಳೆಗಳನ್ನು ಅವುಗಳ ದೇಹದೊಳಕ್ಕೆ ಚಾಚಿ ಜೀರ್ಣಿಸಿಕೊಳ್ಳುತ್ತದೆಯೆಂದು ಥಾರ್ನ್ ಮತ್ತು ಬ್ಯಾರನ್ 1984ರಲ್ಲಿ ತೋರಿಸಿದರು. ಅದರ ವಿಷ 3-ಆಕ್ಟನೋನ್ ಎಂಬ ಆವಿಯಾಗುವ ರಾಸಾಯನಿಕವೆಂದು 2023ರಲ್ಲಿ ತಿಳಿದುಬಂದಿತು.

ಇವೆರಡೂ ಒಂದೇ ಸಸ್ಯದ ಮೇಲೆ ಎರಗಿದಾಗ ಹಾನಿ ಇಮ್ಮಡಿಸುತ್ತದೆ. ಕೊಡಗು ಮಲೆನಾಡುಗಳ ಕಾಳುಮೆಣಸಿನ ಬಳ್ಳಿಯೇ ಇದಕ್ಕೆ ನಿದರ್ಶನ. ಬೇರು ಕೊರೆಯುವ ಮತ್ತು ಬೇರುಗಂಟು ಉಂಟುಮಾಡುವ ಜಂತುಹುಳುಗಳು ಬೇರನ್ನು ಗಾಯಗೊಳಿಸುತ್ತವೆ. ಶಿಲೀಂಧ್ರವನ್ನು ಹೋಲುವ ಫೈಟಾಫ್ತೊರ ಆ ಬೇರನ್ನು ಕೊಳೆಸುತ್ತದೆ. ಬಳ್ಳಿ ವರ್ಷಗಟ್ಟಲೆ ಹಳದಿಯಾಗುತ್ತ ಕ್ಷೀಣಿಸುವುದನ್ನು ‘ನಿಧಾನ ಸೊರಗು ರೋಗ’ ಎನ್ನುತ್ತಾರೆ. ಒಬ್ಬ ಶತ್ರುವಿಗೆ ಮಾತ್ರ ಔಷಧ ಹಾಕಿದವನ ಬಳ್ಳಿ ಇನ್ನೊಬ್ಬನಿಂದ ಸಾಯಬಹುದು. ಬುಡಕ್ಕೆ ಬೇವಿನ ಹಿಂಡಿಯನ್ನೂ, ರೋಗಕಾರಕಗಳನ್ನು ಹತ್ತಿಕ್ಕುವ ಟ್ರೈಕೊಡರ್ಮ ಶಿಲೀಂಧ್ರವನ್ನೂ ಕೂಡಿಸಿ ಹಾಕಬೇಕೆಂಬ ಕೃಷಿತಜ್ಞರ ಸಲಹೆಯ ಹಿಂದೆ ಈ ವಿವೇಕವಿದೆ: ಹಿಂಡಿ ಜಂತುಹುಳುಗಳನ್ನು ತಗ್ಗಿಸುತ್ತದೆ, ಟ್ರೈಕೊಡರ್ಮ ಕೊಳೆಯನ್ನು ತಡೆಯುತ್ತದೆ.

ರೋಗದ ಹೆಸರುಗಳನ್ನು ಸಂಗ್ರಹಿಸುವ ಭಾಷಾ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ‘ಅಣಬೆ’, ‘ಸೊರಗು’ ಎಂಬ ಪದಗಳು ಲಕ್ಷಣವನ್ನು ಹೇಳುತ್ತವೆ, ಕಾರಣವನ್ನಲ್ಲ. ಕಾರಣ ತಿಳಿಯಲು ಬೇರನ್ನು ಅಗೆದು ನೋಡಬೇಕು.